ಕೆಡದ ಹಣ್ಣು

ಕೆಮಿ ಊರಿನಲ್ಲಿ ಜನವರಿ. ಬೆಳಕು ಹತ್ತೂವರೆಗೆ ಬಂದು
ಎರಡಕ್ಕೆಲ್ಲ ಕೋಟು ಹಾಕಿಕೊಂಡು ಹೊರಟುಬಿಡುತ್ತದೆ.
ಸಮುದ್ರ ಹಲಗೆಯಾಗಿದೆ. ಅದರ ಮೇಲೆ
ಯಾರೋ ಕಾರು ಓಡಿಸಿದ ಗೀಟು.

ಅಂಗಡಿಯಿಂದ ಆರು ಡಬ್ಬಿ ಸೇಬಿನ ರಸ ತಂದೆ, ತೀರಾ ಅಗ್ಗದ್ದು.
ಗಲ್ಲಾದ ಹುಡುಗಿ ಕೇಳಿದಳು, "ಮೊಮ್ಮಕ್ಕಳು ಬಂದಿದ್ದಾರಾ?"
ಹ್ಞೂಂ ಅಂದೆ.
ಆರು ಲೀಟರ್ ಮೊಮ್ಮಕ್ಕಳು.

ಗಾಜಿನ ಬುಡ್ಡಿ ಅಣ್ಣ ಓಸ್ಮೋನದು.
ಕಂಠ ಸಣ್ಣ, ಹೊಟ್ಟೆ ದೊಡ್ಡದು, ಥೇಟ್ ಅವನೇ.
ಅವನ ಮದುವೆಯಾದ ವಾರವೇ ಅದು ನನ್ನ ಮನೆಗೆ ಬಂತು.
ಸಕ್ಕರೆ, ಒಂದು ಕಿಲೋಗೆ ಒಂದು ಹಿಡಿ ಕಮ್ಮಿ.
ಒಗರಿಗೆ ಒಂದು ಲೋಟ ಕರಿ ಚಹಾ.
ಯೀಸ್ಟನ್ನು ಎಬ್ಬಿಸುವ ನೀರು ಎಷ್ಟು ಬೆಚ್ಚಗಿರಬೇಕೆಂದರೆ
ಅದ್ದಿದ್ದು ಬೆರಳಿಗೇ ಗೊತ್ತಾಗಬಾರದು.
ಬಾಯಿಗೆ ಬಿರಡೆ, ಬಿರಡೆಗೆ ಡೊಂಕು ನಳಿಗೆ,
ನಳಿಗೆಯಲ್ಲಿ ಒಂದು ಗುಟುಕು ನೀರು:
ಒಳಗಿನ ಉಸಿರು ಹೊರಗೆ ಬರಬಹುದು,
ಹೊರಗಿನದು ಒಳಗೆ ಹೋಗುವ ಹಾಗಿಲ್ಲ.

ಮಾರನೆಯ ಸಂಜೆ, ಬ್ಲುಪ್.
ಆಮೇಲೆ ನಿಮಿಷಕ್ಕೆ ಮೂವತ್ತು, ಗಡಿಯಾರ ಹಿಡಿದು ಎಣಿಸಿದೆ.
ಎಣಿಸಲು ಏನಾದರೂ ಸಿಕ್ಕರೆ
ಚಳಿಗಾಲ ಅರ್ಧ ಕಳೆದ ಹಾಗೆ.

ಅತ್ತಿಗೆ ಹಿಲ್ಕ ಪಾನವಿರೋಧಿ ಸಂಘದ ಖಜಾಂಚಿ.
ಸಂಘದಲ್ಲಿ ಉಳಿದಿರುವವರು ನಾಲ್ವರು, ಒಬ್ಬರಿಗೆ ಕಿವಿ ಕೇಳದು.
ಬಂದಳು, ಬುಡ್ಡಿ ನೋಡಿದಳು, ಹುಬ್ಬು ಅಲ್ಲಾಡಲಿಲ್ಲ.
ಮುಂದಿನ ಭಾನುವಾರ ಚೀಲದಿಂದ ಐದು ಬಾಟಲಿ ತೆಗೆದಿಟ್ಟಳು.
ಪುವೊಲುಕ್ಕದ ರಸ. ಪೈನ್ ಮರಗಳ ಬುಡದಲ್ಲಿ
ಪಾಚಿಗೆ ಅಂಟಿ ಬೆಳೆಯುವ ಕೆಂಪು ಕಾಳು.
"ಮಾಡುವುದಾದರೆ ಇದರಲ್ಲಿ ಮಾಡು, ಸೇಬಿಗೇನು ರುಚಿ?"
ಖಜಾಂಚಿಯ ಬಾಯಲ್ಲಿ ಈ ಮಾತು!
ಖುಷಿಗೆ ನಾನು ಎರಡು ಸಲ ಕಾಫಿ ಮಾಡಿದೆ.

ಇನ್ನೊಂದು ಬುಡ್ಡಿ. ಅದೇ ಸಕ್ಕರೆ, ಅದೇ ಯೀಸ್ಟು, ಅದೇ ನಳಿಗೆ.
ಮಾರನೆಯ ಸಂಜೆ ಏನಿಲ್ಲ.
ಐದನೆಯ ದಿನ ಏನಿಲ್ಲ.
ಉಣ್ಣೆಯ ಸ್ವೆಟರ್ ತೊಡಿಸಿದೆ, ತೋಳುಗಳು ಖಾಲಿ ಜೋತಾಡಿದವು.
ಬಿಸಿ ಕೊಳವೆಯ ಪಕ್ಕ ಕೂರಿಸಿದೆ.
ಸಿಹಿ ಅಳೆಯುವ ತೇಲುಗಡ್ಡಿ ಇದ್ದಲ್ಲೇ ಇತ್ತು,
ಪಿಂಚಣಿ ಕಚೇರಿಯ ಗುಮಾಸ್ತನಂತೆ.
ಭೂತಗನ್ನಡಿ ಹಿಡಿದು ಚೀಟಿ ಓದಿದೆ:
ನೀರು, ಹಣ್ಣು, ಸಕ್ಕರೆ. ಕೆಡದಂತೆ ಹಾಕುವ ಮದ್ದು ಇಲ್ಲವೇ ಇಲ್ಲ.

ಹನ್ನೊಂದನೆಯ ದಿನ ಫೋನ್ ಮಾಡಿದೆ.
"ಓ ಅದಾ?" ಅಂದಳು. "ಅದು ಹುಟ್ಟಿನಿಂದಲೇ ಕೆಡದ ಹಣ್ಣು.
ನಮ್ಮಮ್ಮ ಪೀಪಾಯಿಗೆ ತುಂಬಿ ಬರೀ ನೀರು ಹೊಯ್ದಿಡುತ್ತಿದ್ದಳು,
ಮೇ ತಿಂಗಳಿಗೂ ಹಾಗೇ ಇರುತ್ತಿತ್ತು.
ಮದ್ದು ಅದರೊಳಗೇ ಇದೆ."
"ನಿನಗೆ ಮೊದಲೇ ಗೊತ್ತಿತ್ತಾ?"
ಫೋನಿನಲ್ಲಿ ಹೆಣಿಗೆ ಸೂಜಿಗಳ ಟಿಕ್ ಟಿಕ್.
"ನೀನು ಕೇಳಲಿಲ್ಲವಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ.
ಇದು ಕೆಡಲೇ ಇಲ್ಲ. ಬುದ್ಧಿ ಎಲ್ಲಿಂದ ಬರಬೇಕು?

ಮೂವತ್ತೊಂದು ವರ್ಷ ನಾನಿದ್ದದ್ದು
ಮಂಜುಗಡ್ಡೆ ಒಡೆಯುವ ಹಡಗಿನ ಇಂಜಿನ್ ಕೋಣೆಯಲ್ಲಿ.
ಜನ ತಿಳಿಯುತ್ತಾರೆ, ಗುದ್ದಿ ಒಡೆಯುತ್ತಾರೆ ಎಂದು.
ಅಲ್ಲ. ಹಿಂದೆ ಸರಿಯಬೇಕು,
ಮೂತಿ ಎತ್ತಿ ಮೆಲ್ಲಗೆ ಗಡ್ಡೆಯ ಮೇಲೇರಬೇಕು,
ಏರಿ, ಭಾರ ಬಿಟ್ಟು ಕೂರಬೇಕು.

ಇನ್ನೂ ಗುಳುಗುಡುತ್ತಿದ್ದ ಸೇಬನ್ನು ಎರಡು ಲೋಟ ಬೇರೆ ತೆಗೆದೆ.
ಅದಕ್ಕೆ ಬೆಳಿಗ್ಗೆ ಒಂದು ಚಮಚ ಕೆಂಪು, ಒಂದು ಚಮಚ ನೀರು.
ಸಂಜೆಗೆ ಎರಡು. ಮಾರನೆಯ ದಿನ ಅರ್ಧ ಲೋಟ.
ಸೊರಗಿತು, ಕಾದೆ. ನೊರೆ ಬಂತು, ಮತ್ತೆ ಹೊಯ್ದೆ.
ಫೆಬ್ರವರಿಯ ಎರಡನೆಯ ವಾರ ಇಡೀ ಬುಡ್ಡಿ ಗುಲಾಬಿ,
ನಳಿಗೆಯ ನೀರು ಒಂದು ಕಡೆಗೆ ವಾಲಿ ನಿಂತಿತ್ತು,
ಹೇಳಲೋ ಬೇಡವೋ ಎನ್ನುವವರ ತುಟಿಯ ಹಾಗೆ.

ಭಾನುವಾರ. ಹಿಲ್ಕ ಕಿಟಕಿಯ ಬಳಿ,
ಓಸ್ಮೋನಿಗೆ ಕಾಲುಚೀಲ ಹೆಣೆಯುತ್ತಿದ್ದಾಳೆ.
ಅಲಮಾರಿಯ ಹಿಂದಿನಿಂದ,
ಬ್ಲುಪ್.

"ನಲ್ಲಿ ಸೋರುತ್ತಿದೆ," ಅಂದಳು, ತಲೆ ಎತ್ತದೆ.
ಎದ್ದು ಹೋಗಿ, ಒಣಗಿಯೇ ಇದ್ದ ನಲ್ಲಿಯನ್ನು
ಎರಡು ಕೈಯಲ್ಲಿ ಬಿಗಿ ಮಾಡಿ ಬಂದೆ.
"ಈಗ?"
ಸೂಜಿಗಳು ನಿಂತವು. ಬಹಳ ಹೊತ್ತು ಆಲಿಸಿದಳು.
"ಇನ್ನೂ," ಅಂದಳು.