ಐವತ್ತಾರನೆಯ ದಿನ

ಮುಧೋಳದ ಸಕ್ಕರೆ ಕಾರ್ಖಾನೆಯಿಂದ
ಬೂದಿ ಬಂದಿದೆ, ಯೂರಿಯಾದ ಹಳೆಯ ಚೀಲಗಳಲ್ಲಿ.
ಬಾಯಿ ಬಿಚ್ಚಿದರೆ ಸುಟ್ಟ ಕಬ್ಬಿನ ಸಿಪ್ಪೆಯ ವಾಸನೆ.
ಮೂಗಿಗೆ ಸೆರಗು ಸುತ್ತಿ ಸಾಣಿಸುತ್ತೇನೆ
ಅವ್ವ ಹಿಟ್ಟು ಸಾಣಿಸುತ್ತಿದ್ದ ಹಾಗೆ.

"ಅಕ್ಕಾರ, ಬಾಂಡೆ ತಿಕ್ಕೂ ಬೂದಿ ತಂದು
ಕಾಲಮ್ಮಿಗೆ ಹಾಕ್ತೀರೇನು?"
ಗುತ್ತಿಗೆದಾರ ತೇಲಿ ಲ್ಯಾಬಿನ ಬಾಗಿಲಲ್ಲೇ ನಿಂತು ನಗುತ್ತಾರೆ,
ಒಳಗೆ ಬಂದರೆ ಬಿಳಿ ಪ್ಯಾಂಟು ಕೆಡುತ್ತದೆ.

ನೂರಕ್ಕೆ ಎಂಬತ್ತು ಸಿಮೆಂಟು, ಇಪ್ಪತ್ತು ಬೂದಿ.
ಇಪ್ಪತ್ತು ಅಂದರೆ ಅಷ್ಟೇ.

ಲೋಕಾಪುರದ ಕಡೆ ಕಲ್ಲು ಸುಡುವುದನ್ನು ಒಮ್ಮೆ ನೋಡಿದ್ದೆ.
ಮಲಗಿ ಹೊರಳುವ ಉದ್ದನೆಯ ಕೊಳವೆ, ಒಳಗೆ ಕಣ್ಣಿಗೆ ನಿಲ್ಲದ ಬೆಂಕಿ.
ಇಲ್ಲಿ ಕಡಲಿತ್ತಂತೆ,
ಚಿಪ್ಪೂ ಹುಟ್ಟಿರದ ಕಾಲದ ಕಡಲು.
ಆಗ ನುಂಗಿಟ್ಟುಕೊಂಡ ಉಸಿರನ್ನು
ಕಲ್ಲು ಆ ಕೊಳವೆಯೊಳಗೆ ಬಿಟ್ಟುಬಿಡುತ್ತದೆ, ಒಂದೇ ಸಲ.
ಬಣ್ಣವಿಲ್ಲ, ವಾಸನೆಯಿಲ್ಲ,
ಚಿಮಣಿಯ ಮೇಲೆ ಹದ್ದು ಸುಮ್ಮನೆ ತೇಲುತ್ತಿತ್ತು.

ಅಚ್ಚಿಗೆ ಎಣ್ಣೆ ಸವರಿ ಹನ್ನೆರಡು ಘನ.
ಗೌಂಡಿ ಲಾಲಸಾಬ ನದಾಫ ಕುಟ್ಟುತ್ತಾನೆ,
ಮೂರು ಪದರ, ಪದರಕ್ಕೆ ಮೂವತ್ತೈದು ಪೆಟ್ಟು.
ಕನ್ನಡದಲ್ಲಿ ಶುರುವಾದ ಎಣಿಕೆ
ನಡುವೆಲ್ಲೋ ಮನೆಮಾತಿಗೆ ಹೊರಳಿ
'ಪೈಂತೀಸ್' ಎಂದು ನಿಲ್ಲುತ್ತದೆ.

ಮರುದಿನ ಕೆಂಪು ಬಣ್ಣದಲ್ಲಿ ತಾರೀಕು ಬರೆದು
ಒಂದೊಂದಾಗಿ ತೊಟ್ಟಿಯ ನೀರಿಗೆ.
ಇಳಿಸುವಾಗ ಪ್ರತಿ ಸಲ ಕೈ ಕ್ಷಣ ತಡೆಯುತ್ತದೆ.

ನಮ್ಮ ಮನೆಯೂ ಹೀಗೇ ಇಳಿದದ್ದು
ಹಳೇ ಬಾಗಲಕೋಟೆಯಲ್ಲಿ, ಹಿನ್ನೀರಿಗೆ.
ಕದ ಕಿತ್ತೆವು, ಕಿಟಕಿ ಕಿತ್ತೆವು, ತೊಲೆ ಹೊತ್ತು ತಂದೆವು.
ಅಜ್ಜ ಕಟ್ಟಿಸಿದ ಸುಣ್ಣದ ಗಾರೆಯ ಗೋಡೆ ಬಿಟ್ಟು ಬಂದೆವು.
ನವನಗರದಲ್ಲಿ ಸಿಕ್ಕ ಸೈಟಿನ ಮೇಲೆ
ಎಲ್ಲರ ಹಾಗೆ ಸಿಮೆಂಟು.
ಆ ಗಾರೆ ಕರಗಿತೋ, ಇನ್ನೂ ಬಿಗಿಯುತ್ತಿದೆಯೋ
ಯಾರೂ ಮುಳುಗಿ ನೋಡಿಲ್ಲ.

ಏಳನೆಯ ದಿನ ಹದಿಮೂರು.
ಫೋನಿನಲ್ಲಿ ತೇಲಿಯವರು ಬರೀ ಕೆಮ್ಮಿದರು.

ಇಪ್ಪತ್ತೆಂಟನೆಯ ದಿನ ಇಪ್ಪತ್ನಾಲ್ಕು. ಬೇಕಾದದ್ದು ಇಪ್ಪತ್ತೈದು.
"ಒಂದ ನಂಬರ ಐತಲ್ರಿ," ಅಂದ ಲಾಲಸಾಬ.
ಪೆನ್ನು ತುಸು ಹೊತ್ತು ಗಾಳಿಯಲ್ಲಿತ್ತು.
ಇಪ್ಪತ್ನಾಲ್ಕು ಎಂದೇ ಬರೆದೆ.
ರಿಜಿಸ್ಟರಿನ ಪ್ರಕಾರ ಕೆಲಸ ಮುಗಿಯಿತು.
ಉಳಿದ ಆರನ್ನು ಎತ್ತಿ ಎಸೆಯಲಿಲ್ಲ.

ಐವತ್ತಾರನೆಯ ದಿನ
ಮುಳ್ಳು ಇಪ್ಪತ್ನಾಲ್ಕು ದಾಟಿತು, ಇಪ್ಪತ್ತೈದು ದಾಟಿತು.
ಲಾಲಸಾಬ ಕಿವಿಯ ಮೇಲಿನ ಬೀಡಿ ತೆಗೆದು
ಹಚ್ಚದೆ ಹಿಡಿದುಕೊಂಡ.
ಮೂವತ್ತೊಂದಕ್ಕೆ ಟಪ್ಪೆಂದಿತು.
ನಾಲ್ಕೂ ಮೈ ಸಮನಾಗಿ ಉದುರಿ
ನಡುವೆ ನಿಂತದ್ದು ಒಂದು ಬೂದುಬಣ್ಣದ ಡಮರು.
"ಒಡದ್ರ ಹಿಂಗ ಒಡೀಬೇಕು."

"ಐವತ್ತಾರ ದಿನ ಸೆಂಟ್ರಿಂಗ್ ಬಾಡಿಗಿ ನೀವು ಕೊಡ್ತೀರೇನ್ರಿ?"
ತೇಲಿಯವರ ಮಾತೂ ಸುಳ್ಳಲ್ಲ.
ಛತ್ತಿಗೆ ಬೇಡವೇ ಬೇಡ ಎಂದರು, ಕಂಬಕ್ಕೂ ಬೇಡ.
ಬಹಳ ಹೊತ್ತಾದ ಮೇಲೆ, ಚಹಾದ ಕಪ್ಪು ಕೆಳಗಿಟ್ಟು,
"ಅಂಗನವಾಡಿ ಬುನಾದಿಗೆ ಹಾಕಿ ನೋಡೂಣು.
ಮಣ್ಣಾಗ ಇರತೈತಿ, ಯಾರಿಗೂ ಅವಸರಿಲ್ಲ."

ಉಳಿದ ಮೂರು ಘನ ಇನ್ನೂ ತೊಟ್ಟಿಯಲ್ಲಿವೆ.
ನೀರು ಬದಲಿಸುವಾಗ ಮುಟ್ಟಿ ನೋಡುತ್ತೇನೆ.
ಒಡೆಯುವ ದಿನವನ್ನು ಎಲ್ಲೂ ಬರೆದಿಟ್ಟಿಲ್ಲ.