ಮಸುಕು ಪ್ರತಿ

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಎದುರು,
ಬೇಕರಿ ಪಕ್ಕದ ಮೆಟ್ಟಿಲಡಿ ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಮೂರು ರೂಪಾಯಿ, ಆಧಾರ್ ಆದರೆ ಎರಡೂ ಮಗ್ಗುಲು ಐದು.
ಹನ್ನೊಂದು ವರ್ಷದಿಂದ ಈ ಗಾಜಿನ ಮೇಲೆ
ಊರಿಗೆ ಊರೇ ಮುಖ ಕೆಳಗೆ ಮಾಡಿ
ಮಲಗಿ ಎದ್ದು ಹೋಗಿದೆ.

ಬೊಳ್ಳವ್ವ ಅನ್ನೋಣ. ನಿಜ ಹೆಸರು ಬೇರೆ.
ಆ ಮಂಗಳವಾರ ಅವರಿಗೊಂದು ಫೋನು.
ಹುಡುಗನ ಮಾತು ಬೆಲ್ಲ. ಬ್ಯಾಂಕಿನವನಂತೆ.
ಕಾರ್ಡು ನಿಂತುಹೋಗುತ್ತದೆ ಅಮ್ಮ, ಸುರಕ್ಷತೆಗೆ ಒಂದೇ ಪ್ರಶ್ನೆ:
ನಿಮ್ಮ ತಾಯಿಯ ತವರಿನ ಹೆಸರೇನು?

ನಗು ಬರುತ್ತದೆ ನನಗೆ, ಬರಬಾರದು.
ಕೊಡಗಿನಲ್ಲಿ ಇದೂ ಒಂದು ಗುಟ್ಟೇ?
ಮದುವೆಮನೆಯಲ್ಲಿ ಎಲೆ ಹಾಕುವ ಮೊದಲೇ ಕೇಳುತ್ತಾರೆ,
ಯಾವ ಒಕ್ಕ, ತಾಮನೆ ಯಾವುದು.
ಹೇಳದೆ ನಿಂತರೆ ಸೊಕ್ಕು ಅನ್ನುತ್ತಾರೆ.
ಬೊಳ್ಳವ್ವ ನೆಂಟನಿಗೆ ಹೇಳಿದ ಹಾಗೆ ಹೇಳಿದರು.
ಆಮೇಲೆ ಆರು ಅಂಕಿ. ಅದನ್ನೂ.
ಯಾವುದೋ ಊರಿನಲ್ಲಿ ಅವರ ಹೆಸರಿಗೆ
ಎರಡು ಫೋನು, ಒಂದು ಫ್ರಿಜ್ಜು.
ಎಂಬತ್ತೊಂದು ಸಾವಿರ.

ದೂರು ಕೊಡಲು ಆಧಾರ್ ಪ್ರತಿ ಬೇಕಂತೆ, ಮೂರು.
ಬಂದು ನಿಂತರು ಗಾಜಿನ ಮುಂದೆ.
'ನಾನು ಹುಟ್ಟಿದ ತಾರೀಕು ಅವನಿಗೆ ಮೊದಲೇ ಗೊತ್ತಿತ್ತು ಮಗಾ,
ಅದಕ್ಕೇ ನಂಬಿದೆ.'

ಯಂತ್ರ ಬೆಳಕು ಎಳೆದುಕೊಂಡು ಹೋಯಿತು.
ನನಗೆ ನೆನಪಾದದ್ದು ಬುಟ್ಟಿ.
ಟೋನರ್ ತೀರಿದಾಗ ಬಂದ ಮಸುಕು ಪ್ರತಿ,
ಓರೆಯಾದದ್ದು, ಸಿಕ್ಕಿ ಸುಕ್ಕಾದದ್ದು,
ಎಲ್ಲ ಅದರೊಳಗೆ. ತಿಂಗಳಿಗೊಮ್ಮೆ ಗುಜರಿಯವನಿಗೆ, ಕಿಲೋಗೆ ಹನ್ನೆರಡು.
ಒಮ್ಮೆ ತಿತಿಮತಿಯಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚಿದೆ,
ಒಳಗಿನಿಂದ ಯಾರೋ ನನ್ನನ್ನೇ ನೋಡುತ್ತಿದ್ದರು,
ಹಣೆಗೆ ಉಪ್ಪು ಮೆತ್ತಿತ್ತು.
ನಕ್ಕಿದ್ದೆ ಆಗ.
ನನ್ನ ಬುಟ್ಟಿಯೇ ಅಂತ ಹೇಗೆ ಹೇಳಲಿ. ಅಲ್ಲ ಅಂತ ಹೇಗೆ ಹೇಳಲಿ.
ಬೊಳ್ಳವ್ವನಿಗೆ ಏನೂ ಹೇಳಲಿಲ್ಲ.
ಹದಿನೈದು ರೂಪಾಯಿ ತೆಗೆದುಕೊಳ್ಳಲಿಲ್ಲ, ಅಷ್ಟೇ.

ಈಗ ಪ್ರತಿಯೊಂದರ ಮೇಲೂ ಓರೆ ಗೀಟು ಎಳೆಯುತ್ತೇನೆ,
ಯಾವ ಕೆಲಸಕ್ಕೆ, ಯಾವ ದಿನ, ಬರೆದುಕೊಡುತ್ತೇನೆ.
ಮುಖದ ಮೇಲೆ ಗೀಟೇ, ಅಪಶಕುನ, ಎಂದು ಅಜ್ಜಂದಿರು ಬೈಯುತ್ತಾರೆ.
ಬೈಯಲಿ.
ಸಂಜೆ ಬುಟ್ಟಿ ಮನೆಗೆ, ಹಂಡೆ ಒಲೆಗೆ.
ಕಾಫಿ ಕಡ್ಡಿ ಹಸಿ, ಹೊಗೆಯಾಡುತ್ತದೆ; ಕಾಗದ ಬೇಗ ಹಿಡಿಯುತ್ತದೆ.
ಮೊದಲು ಹೆಸರು ಕಂದುತ್ತದೆ, ಆಮೇಲೆ ಅಂಕಿ,
ಕಣ್ಣು ಕೊನೆಗೆ.
ಊರಿನವರೆಲ್ಲ ಕಾಯಿಸಿಕೊಟ್ಟ ನೀರಿನಲ್ಲಿ ಮೀಯುತ್ತೇನೆ.

ಮೊನ್ನೆ ನನಗೂ ಬಂತು.
'ಮೇಡಂ, ಸುರಕ್ಷತೆಗೆ ಒಂದೇ ಪ್ರಶ್ನೆ.'
ನಾನೇ ಕೇಳಿದೆ: ನಿನ್ನದು ಯಾವ ಒಕ್ಕ ಮಗಾ?
ತಾಮನೆ ಯಾವುದು?
ಆ ಕಡೆ ಸ್ವಲ್ಪ ಹೊತ್ತು
ಬರೀ ಉಸಿರು.