ಹಿಪ್ಪುನೇರಳೆ ತುಂಡು

ಕುತೈಸಿಯಲ್ಲಿ ಮಾರ್ಚ್ ಇನ್ನೂ ಮೈಬಿಚ್ಚಿಲ್ಲ.
ರಿಯೋನಿ ಹೊಳೆಯ ಕಡೆಯ ಗಾಳಿ ಶೆಡ್ಡಿನ ತಗಡು ತಟ್ಟುತ್ತದೆ,
ಒಳಗೆ ಯಾರಿದ್ದಾರೆಂದು ಗೊತ್ತಿದ್ದೂ ತಟ್ಟುವವರ ಹಾಗೆ.

ನೀವಾದ ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ.
ಎಂಜಿನ್ನಿನ ಕೊರಳಿಗೆ ಸರಪಳಿ, ತೊಲೆಗೆ ರಾಟೆ.
ಎತ್ತುವವರಿಗೆಲ್ಲ ಎಂಜಿನ್ನಿನದೇ ಚಿಂತೆ.
ಅದರ ಬೆನ್ನಿಗಂಟಿ ಕತ್ತಲಲ್ಲಿ ಕೂತ ಗೇರ್‌ಬಾಕ್ಸನ್ನು
ನಿನಗೇನು ಆಸರೆ ಅಂತ ಕೇಳುವವರಿಲ್ಲ.

ಒಬ್ಬ ಇದ್ದಾನೆ. ನನ್ನ ಗಂಡ, ಜೆಮಾಲ್.
ಬಣ್ಣದ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಾನೆ,
ಎಡಗೈಯಲ್ಲಿ ಚಹಾ, ಬಲಗೈ ಜೇಬಲ್ಲಿ.
"ಕೆಳಗೆ ಏನು ಕೊಟ್ಟೆ, ಎತೇರಿ?"
ಜಾಕ್ ಕೊಟ್ಟೆ.
"ಜಾಕಿನ ತಲೆಗೆ?"

ತಲೆಗೆ ಹಿಪ್ಪುನೇರಳೆ ತುಂಡು.
ನನ್ನಜ್ಜಿ ರೇಷ್ಮೆಹುಳಕ್ಕೆ ಎಲೆ ಕಿತ್ತ ಮರ.
ಗಿರಣಿ ಮುಚ್ಚಿದ ವರ್ಷ ಕಡಿದರು; ಒಲೆಗೆ ಹೋಗದೆ ಉಳಿದದ್ದು
ಈ ಗೇಣುದ್ದ, ಮೈತುಂಬ ಕಬ್ಬಿಣ ಕಚ್ಚಿದ ಗುರುತು.
ಕಬ್ಬಿಣಕ್ಕೆ ಬರೀ ಕಬ್ಬಿಣ ಕೊಟ್ಟರೆ ಒಂದೋ ಜಾರುತ್ತದೆ,
ಇಲ್ಲ, ಅಲ್ಯುಮಿನಿಯಂ ಹೊಟ್ಟೆ ಬಿರಿಯುತ್ತದೆ.
ಮರ ತಾನೂ ಕೊಂಚ ನೊಂದು ಹಿಡಿಯುತ್ತದೆ.

"ಎತ್ತಬೇಡ. ಭಾರ ತಗೋ, ಅಷ್ಟೆ."
ಎರಡಕ್ಕೂ ಏನು ವ್ಯತ್ಯಾಸ ಅಂತ ಮೊದಲ ವರ್ಷ ಜಗಳ ಆಡಿದ್ದೆ.
ಈಗ ಬೋಲ್ಟೇ ಹೇಳುತ್ತದೆ:
ಹೆಚ್ಚು ಎತ್ತಿದರೂ ಬಿಗಿ, ಕಡಿಮೆಯಾದರೂ ಬಿಗಿ,
ಭಾರ ಸರಿಯಾಗಿ ಕೂತ ಗಳಿಗೆ
ಕೊನೆಯದು ಬರಿಬೆರಳಿಗೆ ತಿರುಗಿ ಅಂಗೈಗೆ ಬೀಳುತ್ತದೆ.

ಆಮೇಲೆ ಅವಸರ ಕೂಡದು.
ಒಳಗೊಂದು ಶಾಫ್ಟ್, ಹೆಬ್ಬೆರಳ ದಪ್ಪ,
ಕ್ಲಚ್ಚಿನ ನಡುವೆ ಹೊಕ್ಕು ಇಷ್ಟು ವರ್ಷ ಜೊತೆಗೆ ತಿರುಗಿದ್ದು.
ಎಂಜಿನ್ ಮುಂದೆ ಸರಿಯುವಾಗ ಹಿಂದಿನದು ಜೋತುಬಿದ್ದರೆ
ಇಡೀ ತೂಕ ಆ ಶಾಫ್ಟಿನ ಮೇಲೆ.
ಹಾಗಾಗಿ ಒಂದೊಂದೇ ಅಂಗುಲ, ನೇರಕ್ಕೆ ನೇರ.
ರಾಟೆ ಎಳೆಯುತ್ತೇನೆ, ಬಗ್ಗಿ ಸಂದು ನೋಡುತ್ತೇನೆ, ಎಳೆಯುತ್ತೇನೆ.
ಸಂದಿನಲ್ಲಿ ಮೊದಲು ಕೂದಲೆಳೆಯಷ್ಟು ಬೆಳಕು,
ಆಮೇಲೆ ಜೆಮಾಲನ ಮೊಣಕಾಲು ಕಾಣಿಸಿತು.

"ಜಾಕಿನ ಜೊತೆಗೆ ಏನು ಕೊಟ್ಟೆ?"

ಅವನು ಯಾವತ್ತೂ ಆ ಕತೆ ಹೇಳುವುದಿಲ್ಲ, ಈ ಪ್ರಶ್ನೆ ಮಾತ್ರ ಕೇಳುತ್ತಾನೆ.
ಹನ್ನೊಂದು ವರ್ಷದ ಹಿಂದೆ, ಬತೂಮಿಯವನ ವ್ಯಾನು.
ಊಟ ಮುಗಿಸಿ ಬಂದಾಗ ಜಾಕ್ ಇಟ್ಟಲ್ಲೇ ಇತ್ತು.
ಒಳಗಿನ ಎಣ್ಣೆ ಮಾತ್ರ ಸದ್ದಿಲ್ಲದೆ
ಹನಿಹನಿಯಾಗಿ ಕೈಬಿಡುತ್ತಾ ಕೂತಿತ್ತು.
ಬಿಟ್ಟುಹೋದ ಒಂದು ಬೋಲ್ಟಿಗೆ ಕೈ ಚಾಚಿದ.
ಮೂರು ಬೆರಳು.

ಆಚೆಯಿಂದೀಚೆಗೆ ಅಡ್ಡಪೈಪು, ನೋಡು,
ಅದರಿಂದ ಇಳಿಬಿಟ್ಟ ಸರಪಳಿ, ಗೇರ್‌ಬಾಕ್ಸಿನ ಕತ್ತಿಗೆ ಕೊಂಡಿ.
ಅವನು ಚಹಾ ಕೆಳಗಿಟ್ಟ. ಎದ್ದುಬಂದು
ಕೊಂಡಿಯನ್ನು ಎಡಗೈಯಿಂದ ಜಗ್ಗಿ ನೋಡಿದ.
ಏನೂ ಹೇಳಲಿಲ್ಲ, ಅಂದರೆ ಸರಿಯಾಗಿದೆ.

ಬೇರಿಂಗ್ ತ್ಬಿಲಿಸಿಯಿಂದ ಬರುವುದು ಸೋಮವಾರ.
ಎಂಜಿನ್ ಹಳೇ ಟೈರಿನ ಮೇಲೆ,
ಗೇರ್‌ಬಾಕ್ಸ್ ಖಾಲಿ ಗೂಡಿನಲ್ಲಿ ಮೂಗು ಮುಂದೆಮಾಡಿ.
ಶೆಡ್ಡಿಗೆ ಬೀಗ ಹಾಕಿ ಮನೆಗೆ ಬಂದೆವು.

ರಾತ್ರಿ ಮಗ್ಗುಲು ತಣ್ಣಗಿತ್ತು.
ಕೋಟು ಹೊದ್ದು ಹೋದೆ. ಶೆಡ್ಡಿನಲ್ಲಿ ಟಾರ್ಚ್ ಬೆಳಕು.
ಜಾಕಿನ ಕೊಳವೆಗೆ ಅವನು ಸಂಜೆಯೇ ಸೀಮೆಸುಣ್ಣದ ಗೆರೆ ಎಳೆದಿದ್ದನಂತೆ,
ನನಗೆ ಗೊತ್ತಿಲ್ಲದ ಹಾಗೆ.
ಗೆರೆ ಮುಳುಗಿತ್ತು. ತುಂಡಿಗೂ ಲೋಹಕ್ಕೂ ನಡುವೆ
ಒಂದು ಉಗುರು ಹೋಗುವಷ್ಟು ಜಾಗ.
"ಇಳಿದುಬಿಟ್ಟಿದೆ ನೋಡು," ಅಂದ,
ಹನ್ನೊಂದು ವರ್ಷದಿಂದ ಕಾದ ಸಾಕ್ಷಿ ಬಾಯಿಬಿಟ್ಟಿತೆಂಬಂತೆ,
ಹೆಚ್ಚುಕಡಿಮೆ ಖುಷಿಯಲ್ಲಿ.

ಬಲಗೈ ಜೇಬಿನಿಂದ ಹೊರಗಿತ್ತು.
ಬಿಗಿದ ಸರಪಳಿಯನ್ನು ಉಳಿದೆರಡು ಬೆರಳಲ್ಲಿ ಮೀಟಿದ.
ಸಣ್ಣ ಸದ್ದು. ಮತ್ತೊಮ್ಮೆ ಮೀಟಿದ.
ನಾನು ಸೀಲ್ ಬದಲಿಸಬೇಕೆಂದು ಗೋಡೆಯ ಮೇಲೆ ಬರೆದೆ,
ಅದೇ ಸೀಮೆಸುಣ್ಣದಲ್ಲಿ.